ಓದುಗ ಕಾಣದ ಊರು, ಒಡೆಯ ಬರೆಸಿದ ಸುದ್ದಿ

1936ರ ಅಧ್ಯಕ್ಷೀಯ ಚುನಾವಣೆಯ ದಿನಗಳಲ್ಲಿ ‘ಶಿಕಾಗೊ ಟ್ರಿಬ್ಯೂನ್’ ಕಚೇರಿಗೆ ಯಾರೇ ಫೋನ್ ಮಾಡಿದರೂ ಆಪರೇಟರ್ ಮೊದಲು ಒಂದು ಎಚ್ಚರಿಕೆ ಕೊಡುತ್ತಿದ್ದರು: ದೇಶ ಉಳಿಸಿಕೊಳ್ಳಲು ಇನ್ನು ಇಷ್ಟೇ ದಿನ ಬಾಕಿ. ದೇಶವನ್ನು ಉಳಿಸಿಕೊಳ್ಳಬೇಕಿದ್ದುದು ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಕೈಯಿಂದ. ಹಾಗೆ ಹೇಳಿಸುತ್ತಿದ್ದವರು ಪತ್ರಿಕೆಯ ಒಡೆಯ ಕರ್ನಲ್ ರಾಬರ್ಟ್ ಮೆಕಾರ್ಮಿಕ್. ಈ ಯುದ್ಧದಲ್ಲಿ ಅವರು ಒಂಟಿಯಾಗಿರಲಿಲ್ಲ. ಊರೂರಿಗೆ ಪತ್ರಿಕೆ ಕಟ್ಟಿಕೊಂಡಿದ್ದ ವಿಲಿಯಂ ರಾಂಡಾಲ್ಫ್ ಹರ್ಸ್ಟ್, ‘ಲಾಸ್ ಏಂಜಲೀಸ್ ಟೈಮ್ಸ್’ನ ಹ್ಯಾರಿ ಚಾಂಡ್ಲರ್, ಹೀಗೆ ದೊಡ್ಡ ದಿನಪತ್ರಿಕೆಗಳ ಮಾಲೀಕರಲ್ಲಿ ಬಹುಪಾಲು ಮಂದಿ ರೂಸ್ವೆಲ್ಟ್ ವಿರುದ್ಧ ನಿಂತಿದ್ದರು. ಮತ ಎಣಿಸಿದಾಗ 48 ರಾಜ್ಯಗಳಲ್ಲಿ 46 ರೂಸ್ವೆಲ್ಟ್ ಪಾಲಾಗಿದ್ದವು. ಮೆಕಾರ್ಮಿಕ್ ಅವರ ಇಲಿನಾಯ್ ಕೈಬಿಟ್ಟಿತು, ಹರ್ಸ್ಟ್ ಮತ್ತು ಚಾಂಡ್ಲರ್ ಅವರ ಕ್ಯಾಲಿಫೋರ್ನಿಯಾವೂ ಕೈಬಿಟ್ಟಿತು.

ಇಷ್ಟನ್ನೇ ನೋಡಿದವರು, ಪತ್ರಿಕಾ ಒಡೆಯರ ಪ್ರಭಾವದ ಮಾತೆಲ್ಲ ಉತ್ಪ್ರೇಕ್ಷೆ ಎಂದುಕೊಳ್ಳಬಹುದು. ಆದರೆ ಆರು ವರ್ಷ ಕಳೆಯುವುದರೊಳಗೆ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಸುಮಾರು 1,20,000 ಜನ. ಅವರಲ್ಲಿ ಮೂರನೇ ಎರಡು ಪಾಲು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ರೂಸ್ವೆಲ್ಟ್ ವಿಷಯದಲ್ಲಿ ಒಡೆಯರ ಮಾತು ಕೇಳದ ಅದೇ ಓದುಗರು, ಈ ವಿಷಯದಲ್ಲಿ ಪತ್ರಿಕೆಗಳು ಹೇಳಿದ್ದನ್ನೆಲ್ಲ ನಂಬಿದರು. ತಕರಾರು ತೆಗೆದವರು ಬೆರಳೆಣಿಕೆಯಷ್ಟು.

ಎರಡಕ್ಕೂ ಏನು ವ್ಯತ್ಯಾಸ? 1936ರ ಓದುಗನಿಗೆ ರೂಸ್ವೆಲ್ಟ್ ಆಡಳಿತ ಪತ್ರಿಕೆಯಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಅವನ ಅಣ್ಣನಿಗೆ ಸರ್ಕಾರಿ ಕಾಮಗಾರಿಯಲ್ಲಿ ಕೂಲಿ ಸಿಕ್ಕಿತ್ತು. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಸರ್ಕಾರದ ವಿಮೆ ಬಂದಿತ್ತು. ಅಧ್ಯಕ್ಷರ ದನಿಯನ್ನೇ ರೇಡಿಯೊದಲ್ಲಿ ಕೇಳಿದ್ದ. ಪತ್ರಿಕೆ ಬರೆದದ್ದನ್ನು ತನ್ನ ಮನೆಯ ಲೆಕ್ಕದೊಂದಿಗೆ ಹೋಲಿಸಿ ನೋಡುವುದು ಅವನಿಂದ ಸಾಧ್ಯವಿತ್ತು. ಜಪಾನಿ ಮೂಲದ ರೈತನ ಮನೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಅವನು ಕಂಡಿರಲಿಲ್ಲ. ಅಮೆರಿಕದ ಪತ್ರಿಕಾ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾಗುತ್ತಾ ಬಂದ ಅಭಿಪ್ರಾಯ ಇದು: ಓದುಗನ ಸ್ವಂತ ಅನುಭವ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮಾಲೀಕನ ಆಳ್ವಿಕೆ ಶುರುವಾಗುತ್ತದೆ. ದೂರದ ದೇಶ, ಹೊಸದಾಗಿ ಬಂದ ವಲಸಿಗ, ಬೇರೆ ಬಣ್ಣದ ನೆರೆಯವನು: ಒಡೆಯರು ಗೆದ್ದದ್ದು ಇವರ ವಿಷಯದಲ್ಲಿ.

ಸಂಪಾದಕೀಯ ಬರೆದು ಮತದಾರನನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದನ್ನು ಸಮಾಜಶಾಸ್ತ್ರಜ್ಞರೂ ಕಂಡುಕೊಂಡಿದ್ದಾರೆ. 1940ರ ಚುನಾವಣೆಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಇರೀ ಕೌಂಟಿಯಲ್ಲಿ ಒಂದೇ ಗುಂಪಿನ ಮತದಾರರನ್ನು ತಿಂಗಳು ತಿಂಗಳೂ ಭೇಟಿಯಾಗಿ ಮಾತನಾಡಿಸಿದರು. ಪತ್ರಿಕೆ, ರೇಡಿಯೊ ಪ್ರಚಾರಕ್ಕೆ ಮನಸ್ಸು ಬದಲಿಸಿದವರು ತೀರ ಕಡಿಮೆ. ಜನ ತಮ್ಮ ಪರಿಚಯದವರ ಮಾತಿಗೇ ಹೆಚ್ಚು ಬೆಲೆ ಕೊಟ್ಟಿದ್ದರು. ಆದರೆ ಪರಿಚಯದವರೂ ಕಾಣದ ಸಂಗತಿಯ ಬಗ್ಗೆ ಯಾರ ಮಾತು ನಂಬುವುದು?

ಕ್ಯೂಬಾದ ಕಥೆ ಅಲ್ಲಿಂದಲೇ ಹೊರಡುತ್ತದೆ.

ಹರ್ಸ್ಟ್ ಹುಟ್ಟಿದ್ದು 1863ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಗಣಿಯಲ್ಲಿ ಕೋಟಿಗಟ್ಟಲೆ ದುಡಿದು ಸೆನೆಟರ್ ಆದ ತಂದೆಯ ಕೈಯಲ್ಲಿದ್ದ ‘ಎಕ್ಸಾಮಿನರ್’ ಪತ್ರಿಕೆಯನ್ನು 1887ರಲ್ಲಿ ತಮ್ಮ ಕೈಗೆ ತೆಗೆದುಕೊಂಡರು. 1895ರಲ್ಲಿ ನ್ಯೂಯಾರ್ಕ್‌ಗೆ ಬಂದು ‘ಜರ್ನಲ್’ ಕೊಂಡರು. ಆ ನಗರದಲ್ಲಿ ಆಗ ಜೋಸೆಫ್ ಪುಲಿಟ್ಜರ್ ಅವರ ‘ವರ್ಲ್ಡ್’ ಮೆರೆಯುತ್ತಿತ್ತು. ಹಂಗೇರಿಯಿಂದ ಬರಿಗೈಲಿ ಬಂದಿದ್ದ ಪುಲಿಟ್ಜರ್ 1883ರಲ್ಲಿ ಅದನ್ನು ಕೊಂಡು, ಬಡ ವಲಸಿಗರೂ ಓದುವ ಪತ್ರಿಕೆಯಾಗಿ ಬೆಳೆಸಿದ್ದರು. ಹರ್ಸ್ಟ್ ತಮ್ಮ ಪತ್ರಿಕೆಯ ಬೆಲೆಯನ್ನು ಒಂದು ಸೆಂಟ್‌ಗೆ ಇಳಿಸಿ, ಎದುರಾಳಿಯ ಬರಹಗಾರರನ್ನೂ ಚಿತ್ರಕಾರರನ್ನೂ ದುಪ್ಪಟ್ಟು ಸಂಬಳಕ್ಕೆ ಎಳೆದುಕೊಂಡರು. ಈ ಪೈಪೋಟಿಯ ದಿನಗಳಲ್ಲಿ ಸ್ಪೇನ್ ಆಳ್ವಿಕೆಯ ಕ್ಯೂಬಾದಲ್ಲಿ ಬಂಡಾಯ ನಡೆಯುತ್ತಿತ್ತು.

1897ರ ಫೆಬ್ರುವರಿಯ ಒಂದು ಪ್ರಸಂಗ ನೋಡಿ. ಹವಾನಾದಲ್ಲಿ ‘ಆಲಿವೆಟ್’ ಎಂಬ ಅಮೆರಿಕದ ಹಡಗು ಹತ್ತಿದ ಕ್ಯೂಬಾದ ಮಹಿಳೆಯರನ್ನು ಸ್ಪೇನ್ ಅಧಿಕಾರಿಗಳು ತಪಾಸಣೆ ಮಾಡಿದರೆಂದು ವರದಿಗಾರ ರಿಚರ್ಡ್ ಹಾರ್ಡಿಂಗ್ ಡೇವಿಸ್ ಬರೆದು ಕಳಿಸಿದರು. ನ್ಯೂಯಾರ್ಕ್‌ನಲ್ಲಿ ಕುಳಿತ ಚಿತ್ರಕಾರ ಫ್ರೆಡರಿಕ್ ರೆಮಿಂಗ್ಟನ್ ಅದಕ್ಕೊಂದು ಚಿತ್ರ ಬರೆದರು: ಬೆತ್ತಲೆ ನಿಂತ ಯುವತಿ, ಸುತ್ತ ಅವಳ ಬಟ್ಟೆ ಜಾಲಾಡುತ್ತಿರುವ ಗಂಡಸರು. ‘ಜರ್ನಲ್’ ಅದನ್ನು ದೊಡ್ಡದಾಗಿ ಅಚ್ಚು ಹಾಕಿತು; ದೇಶ ಕುದಿಯಿತು. ಆ ಮಹಿಳೆಯರು ಅಮೆರಿಕಕ್ಕೆ ಬಂದಿಳಿದಾಗ ‘ವರ್ಲ್ಡ್’ ವರದಿಗಾರರು ಹೋಗಿ ಕೇಳಿದರು. ತಪಾಸಣೆ ಮಾಡಿದವರು ಹೆಂಗಸರು, ಅದೂ ಮುಚ್ಚಿದ ಕೋಣೆಯಲ್ಲಿ. ಗಂಡಸರು ತಪಾಸಣೆ ಮಾಡಿದರೆಂದು ತಾನು ಬರೆದೇ ಇರಲಿಲ್ಲ ಎಂದು ಡೇವಿಸ್ ಬಹಿರಂಗವಾಗಿ ಹೇಳಿ, ಮುಂದೆಂದೂ ಹರ್ಸ್ಟ್‌ಗಾಗಿ ಬರೆಯಲಿಲ್ಲ. ಆ ಸುಳ್ಳನ್ನು ಬಯಲು ಮಾಡಿದ್ದು ಸತ್ಯದ ಮೇಲಿನ ಪ್ರೀತಿಯಷ್ಟೇ ಅಲ್ಲ, ಎದುರಾಳಿಯ ಮೇಲಿನ ಮತ್ಸರ ಕೂಡ. ಒಂದೂರಿನಲ್ಲಿ ಇಬ್ಬರು ಒಡೆಯರಿದ್ದರೆ ಆಗುವ ಉಪಕಾರ ಅದು.

1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಮೇನ್’ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತರು. ಕಾರಣ ಯಾರಿಗೂ ತಿಳಿದಿರಲಿಲ್ಲ. ‘ಜರ್ನಲ್’ ಕಾಯಲಿಲ್ಲ, ಶತ್ರುವಿನ ಕೃತ್ಯವೆಂದು ಸಾರಿ, ಅಪರಾಧಿಯನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಘೋಷಿಸಿತು. ನೌಕಾಪಡೆಯ ವಿಚಾರಣೆಯೂ ಹೊರಗಿನ ಸಿಡಿಮದ್ದೇ ಕಾರಣ ಎಂದಿತು. ಏಪ್ರಿಲ್‌ನಲ್ಲಿ ಯುದ್ಧ. 1976ರಲ್ಲಿ ಅಡ್ಮಿರಲ್ ಹೈಮನ್ ರಿಕೋವರ್ ಎಂಜಿನಿಯರುಗಳನ್ನು ಕೂರಿಸಿ ಪರಿಶೀಲಿಸಿದಾಗ ಬಂದ ತೀರ್ಮಾನ ಬೇರೆ: ಸ್ಫೋಟ ನೌಕೆಯ ಒಳಗಿನದು, ಬಹುಶಃ ಕಲ್ಲಿದ್ದಲು ಗೋದಾಮಿನ ಬೆಂಕಿಯಿಂದ ಆದದ್ದು.

ಚಿತ್ರ ನೀವು ಕೊಡಿ, ಯುದ್ಧ ನಾನು ಕೊಡುತ್ತೇನೆ ಎಂಬ ಅರ್ಥದ ತಂತಿಯನ್ನು ಹರ್ಸ್ಟ್ ರೆಮಿಂಗ್ಟನ್‌ಗೆ ಕಳಿಸಿದರೆಂಬ ಕಥೆಯನ್ನು ಪತ್ರಿಕೋದ್ಯಮದ ತರಗತಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಆ ತಂತಿಯನ್ನು ಕಂಡವರಿಲ್ಲ. 1901ರಲ್ಲಿ ಜೇಮ್ಸ್ ಕ್ರೀಲ್ಮನ್ ಎಂಬ ಪತ್ರಕರ್ತ ತಮ್ಮ ನೆನಪುಗಳಲ್ಲಿ ಬರೆದದ್ದರ ಹೊರತು ಬೇರೆ ಆಧಾರವಿಲ್ಲ; ಹರ್ಸ್ಟ್ ಅಲ್ಲಗಳೆದಿದ್ದರು. ಯುದ್ಧಕ್ಕೆ ಹರ್ಸ್ಟ್ ಒಬ್ಬರೇ ಕಾರಣ ಎಂಬ ಮಾತನ್ನೂ ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಸ್ಪೇನಿನ ಜನರಲ್ ವೇಲರ್ ಹಳ್ಳಿಗರನ್ನು ಬಲವಂತವಾಗಿ ಪಟ್ಟಣಗಳಲ್ಲಿ ಕೂಡಿಹಾಕಿದ್ದೂ, ಹಸಿವು ರೋಗಗಳಿಂದ ಲಕ್ಷಾಂತರ ಜನ ನರಳಿದ್ದೂ ನಿಜ. ವರ್ಮಾಂಟ್‌ನ ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ಸ್ವತಃ ಹೋಗಿ ನೋಡಿ ಬಂದು, 1898ರ ಮಾರ್ಚ್ 17ರಂದು ಸೆನೆಟ್‌ನಲ್ಲಿ ಕಂಡದ್ದನ್ನು ತಣ್ಣಗೆ ವಿವರಿಸಿದರು. ‘ಜರ್ನಲ್’ ಓದದ, ಓದಿದರೂ ನಂಬದ ವ್ಯಾಪಾರಸ್ಥರ ಮನಸ್ಸು ತಿರುಗಿದ್ದು ಆ ಭಾಷಣದಿಂದ. ಆದರೂ ಹರ್ಸ್ಟ್ ಪಾಲಿನ ಹೊಣೆ ಕಡಿಮೆಯಾಗುವುದಿಲ್ಲ. ‘ಮೇನ್’ ವಿಷಯದಲ್ಲಿ ತಾಳ್ಮೆಯಿಂದ ಕಾಯುವುದನ್ನೇ ದೇಶದ್ರೋಹದಂತೆ ಕಾಣುವ ವಾತಾವರಣ ಹುಟ್ಟಿದ್ದು ಅವರ ಮುದ್ರಣಯಂತ್ರಗಳಿಂದ. ಆ ಯುದ್ಧದ ಬಾಲ ಹಿಡಿದು ಬಂದ ಫಿಲಿಪ್ಪೀನ್ಸ್ ಆಕ್ರಮಣದಲ್ಲಿ ಹಿಂಸೆ, ಹಸಿವು, ರೋಗಗಳಿಂದ ಸತ್ತ ನಾಗರಿಕರು ಸುಮಾರು 2 ಲಕ್ಷ ಎಂದು ಅಂದಾಜು. ಫಿಲಿಪ್ಪೀನ್ಸ್ ಎಲ್ಲಿದೆ ಎಂದು ಹೆಚ್ಚಿನ ಓದುಗರಿಗೆ ಗೊತ್ತಾದದ್ದೇ ಆ ವರ್ಷ.

ಇನ್ನೊಂದು ಕಥೆ ಕ್ಯಾಲಿಫೋರ್ನಿಯಾದ್ದು. ನಮ್ಮ ಓದುಗರಿಗೆ ಇದು ತಿಳಿದಿರಬೇಕು. ಇದರಲ್ಲಿ ನಮ್ಮವರ ಪಾಲೂ ಇದೆ.

1905ರ ಫೆಬ್ರುವರಿಯಲ್ಲಿ, ಎಂ. ಎಚ್. ಡಿ ಯಂಗ್ ಅವರ ಒಡೆತನದ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಜಪಾನಿ ವಲಸಿಗರ ಮೇಲೆ ಮುಖಪುಟದ ಲೇಖನಮಾಲೆ ಆರಂಭಿಸಿತು. ಅವರ ಬರುವಿಕೆಯನ್ನು ದಂಡಯಾತ್ರೆ ಎಂದು ಕರೆಯಿತು. ಹರ್ಸ್ಟ್ ಅವರ ‘ಎಕ್ಸಾಮಿನರ್’ ಹಿಂದೆ ಬೀಳಲಿಲ್ಲ. ಇವರಿಬ್ಬರಿಗಿಂತ ಹೆಚ್ಚು ಪಟ್ಟು ಹಿಡಿದವರು ‘ಸ್ಯಾಕ್ರಮೆಂಟೊ ಬೀ’ ಪತ್ರಿಕೆಯ ಪ್ರಕಾಶಕ ವಿ. ಎಸ್. ಮೆಕ್ಲಾಚಿ. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಅವರು, ಬರೆದು ಸಾಲದೆಂದು ವಾಷಿಂಗ್ಟನ್‌ಗೆ ಹೋಗಿ ಕಾಂಗ್ರೆಸ್ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ಕೊನೆಗೆ ಪತ್ರಿಕೆಯ ಪಾಲನ್ನೇ ಬಿಟ್ಟು ಪೂರ್ತಿ ಇದೇ ಕೆಲಸಕ್ಕೆ ನಿಂತರು. ಇಷ್ಟೆಲ್ಲ ಗದ್ದಲಕ್ಕೆ ಕಾರಣರಾದ ಜನ ಎಷ್ಟಿದ್ದರು? 1920ರ ಜನಗಣತಿಯಂತೆ ಕ್ಯಾಲಿಫೋರ್ನಿಯಾದಲ್ಲಿ ಜಪಾನಿ ಮೂಲದವರು ಸುಮಾರು 72,000, ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಇಬ್ಬರು. ಪತ್ರಿಕೆ ಓದಿ ಬೆಚ್ಚಿದ ಬಹಳ ಜನ ಅವರಲ್ಲಿ ಒಬ್ಬರನ್ನೂ ಮಾತನಾಡಿಸಿದವರಲ್ಲ.

ಈ ಬಿರುಗಾಳಿ ಜಪಾನಿಯರ ಮೇಲಷ್ಟೇ ಬೀಸಲಿಲ್ಲ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಗುಂಪೊಂದು ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು, ಹೆಚ್ಚಿನವರು ಪಂಜಾಬಿನ ಸಿಖ್ಖರು, ಹಾಸಿಗೆಯಿಂದ ಎಳೆದು ಊರಾಚೆ ಅಟ್ಟಿತು. ಊರಿನ ಪತ್ರಿಕೆಗಳು ಹಿಂಸೆಯನ್ನು ಬಾಯಿಮಾತಿಗೆ ಖಂಡಿಸಿದರೂ ಅವರು ಹೊರಟುಹೋದದ್ದು ಒಳ್ಳೆಯದೇ ಆಯಿತು ಎಂಬ ಧಾಟಿಯಲ್ಲಿ ಬರೆದವು. ‘ಬೆಲಿಂಗ್‌ಹ್ಯಾಮ್ ಹೆರಾಲ್ಡ್’ ತನ್ನ ಅಂದಿನ ಬರವಣಿಗೆಗೆ ಕ್ಷಮೆ ಕೇಳಿದ್ದು ನೂರು ವರ್ಷದ ನಂತರ, 2007ರಲ್ಲಿ. 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅವರಿಗೂ ಪೌರತ್ವದ ಹಕ್ಕಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1924ರ ಕಾಯ್ದೆ ಜಪಾನಿಯರಿಗೂ ಬಾಗಿಲು ಮುಚ್ಚಿತು. ಮೆಕ್ಲಾಚಿ ಬೇಡಿದ್ದು ಇದನ್ನೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಂಜಿನಿಯರುಗಳೂ ವೈದ್ಯರೂ ಅಮೆರಿಕಕ್ಕೆ ಹೋಗಿ ನೆಲೆಸುವುದು ದೊಡ್ಡ ಸಂಖ್ಯೆಯಲ್ಲಿ ಸಾಧ್ಯವಾದದ್ದು 1965ರ ಕಾಯ್ದೆಯ ನಂತರ. ಇಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಕನ್ನಡ ಕೂಟ ನಡೆಸುವ ಕುಟುಂಬಗಳು ನೆಲೆಸಿರುವ ನೆಲ ಅದೇ ‘ಕ್ರಾನಿಕಲ್’, ‘ಎಕ್ಸಾಮಿನರ್’ ಓದುಗರ ನೆಲ.

ನಾಲ್ಕು ದಶಕ ಹೀಗೆ ಉತ್ತು ಹದ ಮಾಡಿದ ಮನಸ್ಸುಗಳ ಮೇಲೆ ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಬಿತ್ತು. ಹರ್ಸ್ಟ್ ಪತ್ರಿಕೆಗಳ ಅಂಕಣಕಾರ ಹೆನ್ರಿ ಮೆಕ್ಲೆಮೋರ್, ಜಪಾನಿ ಮೂಲದವರೆಲ್ಲರನ್ನೂ ಕರಾವಳಿಯಿಂದ ಒಳನಾಡಿಗೆ ಅಟ್ಟಬೇಕೆಂದು 1942ರ ಜನವರಿಯಲ್ಲಿ ಬರೆದರು. ಫೆಬ್ರುವರಿ 19ರಂದು ರೂಸ್ವೆಲ್ಟ್ ಸ್ಥಳಾಂತರದ ಆದೇಶಕ್ಕೆ ಸಹಿ ಹಾಕಿದರು. ಹರ್ಸ್ಟ್ ಯಾರನ್ನು ಸೋಲಿಸಲು ಹೊರಟು ಸೋತಿದ್ದರೋ ಅದೇ ರೂಸ್ವೆಲ್ಟ್. ಯುದ್ಧ ಮುಗಿಯುವವರೆಗೂ ಒಬ್ಬನೇ ಒಬ್ಬ ಜಪಾನಿ ಅಮೆರಿಕನ್ ಗೂಢಚರ್ಯೆಗಾಗಲಿ ವಿಧ್ವಂಸಕ ಕೃತ್ಯಕ್ಕಾಗಲಿ ಶಿಕ್ಷೆಗೆ ಒಳಗಾಗಲಿಲ್ಲ. ಸರ್ಕಾರ ತಪ್ಪೊಪ್ಪಿಕೊಂಡು, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರದ ಕಾನೂನು ಮಾಡಿದ್ದು 1988ರಲ್ಲಿ.

ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲವೇ ಎಂದು ಕೇಳುವವರಿಗೆ ನಾನು ಬೇನ್‌ಬ್ರಿಜ್ ದ್ವೀಪವನ್ನು ತೋರಿಸುತ್ತೇನೆ. ಸಿಯಾಟಲ್ ನಗರದೆದುರಿನ ಆ ದ್ವೀಪದಲ್ಲಿ ಸ್ಟ್ರಾಬೆರಿ ಬೆಳೆಯುವ ಜಪಾನಿ ಕುಟುಂಬಗಳಿದ್ದವು. ಅಲ್ಲಿ ವಾಲ್ಟ್ ಮತ್ತು ಮಿಲ್ಲಿ ವುಡ್‌ವರ್ಡ್ ಎಂಬ ದಂಪತಿ ‘ಬೇನ್‌ಬ್ರಿಜ್ ರಿವ್ಯೂ’ ಎಂಬ ಚಿಕ್ಕ ವಾರಪತ್ರಿಕೆ ನಡೆಸುತ್ತಿದ್ದರು. ಇವರು ನಮ್ಮ ನೆರೆಯವರು, ಇವರ ನಿಷ್ಠೆಯನ್ನು ಶಂಕಿಸಲು ಕಾರಣವಿಲ್ಲ ಎಂದು ಅವರು ಮೊದಲ ವಾರದಿಂದಲೇ ಬರೆದರು. ಸ್ಥಳಾಂತರದ ಆದೇಶವನ್ನೂ ವಿರೋಧಿಸಿದರು. ಕೆಲವರು ಚಂದಾ ನಿಲ್ಲಿಸಿದರು, ಜಾಹೀರಾತು ಹಿಂದೆ ಪಡೆದರು. ದಂಪತಿ ಹಿಂಜರಿಯಲಿಲ್ಲ. 1942ರ ಮಾರ್ಚ್ 30ರಂದು ದ್ವೀಪದ 227 ಮಂದಿಯನ್ನು ದೋಣಿ ಹತ್ತಿಸಲಾಯಿತು. ಇಡೀ ಕರಾವಳಿಯಲ್ಲಿ ಈ ಆದೇಶದಡಿ ಮೊದಲು ಹೊರಟವರು ಅವರೇ.

ಮುಂದೆ ವುಡ್‌ವರ್ಡ್ ದಂಪತಿ ಮಾಡಿದ ಕೆಲಸ ನನಗೆ ಪತ್ರಿಕೋದ್ಯಮದ ಅತ್ಯಂತ ಬುದ್ಧಿವಂತ ನಿರ್ಧಾರಗಳಲ್ಲಿ ಒಂದಾಗಿ ಕಾಣುತ್ತದೆ. ಶಿಬಿರಕ್ಕೆ ಹೋದ ಹದಿಹರೆಯದವರನ್ನೇ ಪತ್ರಿಕೆಯ ವರದಿಗಾರರನ್ನಾಗಿ ನೇಮಿಸಿಕೊಂಡು, ಅಲ್ಲಿಂದ ವಾರವಾರವೂ ಸುದ್ದಿ ತರಿಸಿದರು. ಯಾರಿಗೆ ಮಗು ಹುಟ್ಟಿತು, ಯಾರ ಮದುವೆಯಾಯಿತು, ಯಾರಿಗೆ ಕಾಯಿಲೆ, ಬೇಸ್‌ಬಾಲ್ ಆಟದಲ್ಲಿ ಯಾರು ಗೆದ್ದರು, ಯಾರ ಮಗ ಅಮೆರಿಕದ ಸೈನ್ಯ ಸೇರಿದ. ದ್ವೀಪದ ಓದುಗರಿಗೆ ಅವರು ದೂರದವರಾಗಿಬಿಡಲು ಪತ್ರಿಕೆ ಅವಕಾಶವನ್ನೇ ಕೊಡಲಿಲ್ಲ. ಯುದ್ಧ ಮುಗಿದ ಮೇಲೆ ಕರಾವಳಿಯ ಎಷ್ಟೋ ಊರುಗಳಲ್ಲಿ ಮರಳಿ ಬಂದವರಿಗೆ ಬೆದರಿಕೆ, ಬೆಂಕಿ ಕಾದಿದ್ದವು. ಬೇನ್‌ಬ್ರಿಜ್‌ಗೆ ಅರ್ಧಕ್ಕೂ ಹೆಚ್ಚು ಮಂದಿ ಹಿಂದಿರುಗಿ ಮತ್ತೆ ಬದುಕು ಕಟ್ಟಿಕೊಂಡರು. ಇದೂ ಪತ್ರಿಕಾ ಮಾಲೀಕರ ಪ್ರಭಾವವೇ.

ನೆರೆಯವನನ್ನು ಕಂಡವರು ಸುಳ್ಳನ್ನು ನಂಬುವುದಿಲ್ಲ ಎಂದು ಇಷ್ಟಕ್ಕೇ ಸಾರಿಬಿಡುವ ಹಾಗಿಲ್ಲ. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ನಗರದಲ್ಲಿ 1898ರಲ್ಲಿ ಕರಿಯರು, ಬಿಳಿಯರು ಒಂದೇ ಬೀದಿಗಳಲ್ಲಿ ಓಡಾಡುತ್ತಿದ್ದರು. ಕರಿಯರೇ ಹೆಚ್ಚಿದ್ದರು, ನಗರಾಡಳಿತದಲ್ಲಿ ಅವರಿಗೂ ಪಾಲಿತ್ತು. ರಾಜಧಾನಿ ರಾಲಿಯಲ್ಲಿ ‘ನ್ಯೂಸ್ ಅಂಡ್ ಅಬ್ಸರ್ವರ್’ ಪತ್ರಿಕೆಯ ಒಡೆಯ ಜೋಸೆಫಸ್ ಡೇನಿಯಲ್ಸ್, ಡೆಮಾಕ್ರಟಿಕ್ ಪಕ್ಷದ ನಾಯಕರೊಂದಿಗೆ ಕೂಡಿ, ಕರಿಯರ ಆಳ್ವಿಕೆಯ ಭೀತಿಯನ್ನು ರಾಜ್ಯದ ತುಂಬ ಹರಡಿದರು. ಅಕ್ಷರ ಬಾರದವರೂ ಅರ್ಥಮಾಡಿಕೊಳ್ಳಲೆಂದು ವ್ಯಂಗ್ಯಚಿತ್ರಗಳನ್ನು ಬರೆಸಿದರು: ರೆಕ್ಕೆ ಮೂಡಿದ ರಾಕ್ಷಸ, ಅವನ ಉಗುರಿಗೆ ಸಿಕ್ಕ ಬಿಳಿಯ ಹೆಂಗಸರು. ನವೆಂಬರ್ 10ರಂದು ಶಸ್ತ್ರಸಜ್ಜಿತ ಗುಂಪು ಕರಿಯ ಸಂಪಾದಕ ಅಲೆಕ್ಸ್ ಮ್ಯಾನ್ಲಿ ಅವರ ‘ಡೈಲಿ ರೆಕಾರ್ಡ್’ ಮುದ್ರಣಾಲಯಕ್ಕೆ ಬೆಂಕಿ ಹಚ್ಚಿತು. ಹತ್ತಾರು ಕರಿಯರನ್ನು ಕೊಂದಿತು. ಚುನಾಯಿತ ನಗರಾಡಳಿತವನ್ನೇ ಕಿತ್ತೊಗೆಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ವರ್ಣಭೇದ ಮಾಡುವುದು ಇದರ ತಿರುಗುಮುರುಗು: ಪಕ್ಕದ ಮನೆಯಲ್ಲಿ ಕಂಡ ಮನುಷ್ಯನಿಗಿಂತ ಪತ್ರಿಕೆಯಲ್ಲಿ ಕಂಡ ರಾಕ್ಷಸನೇ ನಿಜ ಎನಿಸುತ್ತದೆ. ಮ್ಯಾನ್ಲಿ ಅವರ ಪತ್ರಿಕೆಯನ್ನು ಮೊದಲು ಸುಟ್ಟದ್ದೂ ಆಕಸ್ಮಿಕವಲ್ಲ, ಪ್ರಮಾಣಿಸಿ ನೋಡಲು ಆ ಊರಿನಲ್ಲಿ ಉಳಿದಿದ್ದ ಸಾಧನ ಅದು. ಡೇನಿಯಲ್ಸ್ ಮುಂದೆ ಅಮೆರಿಕದ ನೌಕಾ ಸಚಿವರಾದರು. ಅವರ ಪತ್ರಿಕೆ ಕ್ಷಮೆ ಕೇಳಿದ್ದು 2006ರಲ್ಲಿ.

ಅಚ್ಚಾದ ಸುಳ್ಳಿಗಾದರೂ ಎಂದಾದರೊಂದು ದಿನ ಉತ್ತರ ಸಿಗುತ್ತದೆ. ಅಚ್ಚಾಗದೇ ಉಳಿದದ್ದಕ್ಕೆ ಏನು ಮಾಡುವುದು? 1934ರಲ್ಲಿ ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಬಡತನ ನಿರ್ಮೂಲನದ ಘೋಷಣೆಯೊಂದಿಗೆ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಚುನಾವಣೆಯ ವರದಿಗೆ ‘ನ್ಯೂಯಾರ್ಕ್ ಟೈಮ್ಸ್’ನಿಂದ ಬಂದ ಟರ್ನರ್ ಕ್ಯಾಟ್ಲೆಜ್, ಸಿಂಕ್ಲೇರ್ ಅವರ ಸಭೆ ಎಲ್ಲಿದೆ ಎಂದು ‘ಲಾಸ್ ಏಂಜಲೀಸ್ ಟೈಮ್ಸ್’ ತಿರುವಿ ಹಾಕಿದರು. ಎಲ್ಲೂ ಇಲ್ಲ. ಪತ್ರಿಕೆಯ ರಾಜಕೀಯ ಸಂಪಾದಕ ಕೈಲ್ ಪಾಮರ್ ಅವರನ್ನು ಕೇಳಿದಾಗ, ಅಂಥದ್ದನ್ನೆಲ್ಲ ನಾವು ಹಾಕುವುದಿಲ್ಲ, ಈ ಮನುಷ್ಯನನ್ನು ಸೋಲಿಸುವುದಷ್ಟೇ ನಮ್ಮ ಕೆಲಸ ಎಂಬ ಉತ್ತರ ಸಿಕ್ಕಿತು. ಸಭೆಯ ಸುದ್ದಿಗೆ ಇಲ್ಲದ ಜಾಗ ಸಿಂಕ್ಲೇರ್ ಕಾದಂಬರಿಗಳ ಪಾತ್ರಗಳು ಆಡಿದ ಮಾತಿಗೆ ಇತ್ತು; ಅವನ್ನು ಕಿತ್ತು, ಅಭ್ಯರ್ಥಿಯದೇ ಮಾತೆಂಬಂತೆ ದಿನಕ್ಕೊಂದು ಚೌಕಟ್ಟಿನಲ್ಲಿ ಹಾಕಿದರು. ಸಿಂಕ್ಲೇರ್ ಗೆದ್ದರೆ ದೇಶದ ನಿರುದ್ಯೋಗಿಗಳೆಲ್ಲ ಕ್ಯಾಲಿಫೋರ್ನಿಯಾಕ್ಕೆ ಮುತ್ತುತ್ತಾರೆಂದು ಹೆದರಿಸಲು ಹರ್ಸ್ಟ್ ಅವರ ಲಾಸ್ ಏಂಜಲೀಸ್ ಪತ್ರಿಕೆ ಒಂದು ಚಿತ್ರ ಹಾಕಿತು. ಅದು ಸಿನಿಮಾವೊಂದರ ದೃಶ್ಯ. ಸಿಂಕ್ಲೇರ್ ಸುಮಾರು 8,79,000 ಮತ ಪಡೆದು ಸೋತರು. ಎರಡೇ ವರ್ಷದ ಮೇಲೆ ರೂಸ್ವೆಲ್ಟ್ ವಿರುದ್ಧ ಕೈಲಾಗದ ಪತ್ರಿಕೆಗಳು ಇಲ್ಲಿ ಗೆದ್ದದ್ದು ಹೇಗೆ? ಸಿಂಕ್ಲೇರ್ ಇನ್ನೂ ಏನನ್ನೂ ಮಾಡಿ ತೋರಿಸಿರಲಿಲ್ಲ, ಮತದಾರರ ಕೈಯಲ್ಲಿ ಅಳತೆಗೋಲಿರಲಿಲ್ಲ; ಭಯವಾಗಿ ಬಂದದ್ದೂ ಅವರು ಎಂದೂ ಕಾಣದ ಅಪರಿಚಿತರ ಗುಂಪು.

ಕ್ಯಾಟ್ಲೆಜ್ ಅವರಿಗೆ ಈ ವಿದ್ಯೆ ಇನ್ನೊಮ್ಮೆ ಎದುರಾಯಿತು, ಈ ಸಲ ತಮ್ಮದೇ ಕಚೇರಿಯಲ್ಲಿ. 1961ರ ಏಪ್ರಿಲ್‌ನಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ನ ವ್ಯವಸ್ಥಾಪಕ ಸಂಪಾದಕ. ಸಿಐಎ ತರಬೇತಿ ಕೊಟ್ಟ ದೇಶಭ್ರಷ್ಟರ ಪಡೆ ಇನ್ನೇನು ಕ್ಯೂಬಾ ಮೇಲೆ ಇಳಿಯಲಿದೆ ಎಂದು ವರದಿಗಾರ ಟ್ಯಾಡ್ ಶುಲ್ಟ್ಸ್ ಬರೆದುಕೊಟ್ಟರು. ಮಾಲೀಕ ಕುಟುಂಬದ ಅಳಿಯ ಆರ್ವಿಲ್ ಡ್ರೈಫೂಸ್ ದೇಶದ ಭದ್ರತೆಯ ಚಿಂತೆಯಿಂದ ಕಳವಳಗೊಂಡರು. ಏಪ್ರಿಲ್ 7ರಂದು ಸುದ್ದಿ ಮುಖಪುಟದಲ್ಲಿ ಬಂತಾದರೂ ನಾಲ್ಕು ಕಾಲಂ ಶೀರ್ಷಿಕೆ ಒಂದೇ ಕಾಲಂಗೆ ಇಳಿದಿತ್ತು. ಸಿಐಎ ಹೆಸರೂ, ದಾಳಿ ಸನ್ನಿಹಿತ ಎಂಬ ಮಾತೂ ಹೋಗಿದ್ದವು. ಹತ್ತು ದಿನದ ನಂತರ ‘ಬೇ ಆಫ್ ಪಿಗ್ಸ್’ ದಾಳಿ ನಡೆದು ಮಣ್ಣುಪಾಲಾಯಿತು. ನೀವು ಇನ್ನಷ್ಟು ಬರೆದಿದ್ದರೆ ನಮ್ಮನ್ನು ಒಂದು ಮಹಾ ಪ್ರಮಾದದಿಂದ ಉಳಿಸುತ್ತಿದ್ದಿರಿ ಎಂದು ಅಧ್ಯಕ್ಷ ಕೆನಡಿ ಆಮೇಲೆ ಕ್ಯಾಟ್ಲೆಜ್ ಅವರಿಗೆ ಹೇಳಿದರು.

ಒಳ್ಳೆಯ ಉದ್ದೇಶಕ್ಕಾಗಿ ಸುದ್ದಿ ಮುಚ್ಚಿದ್ದೂ ಉಂಟು. 1949ರ ಬೇಸಿಗೆಯಲ್ಲಿ ವಾಷಿಂಗ್ಟನ್ ನಗರದ ಅನಕೋಸ್ಟಿಯ ಈಜುಕೊಳದಲ್ಲಿ ಬಿಳಿಯರಿಗೂ ಕರಿಯರಿಗೂ ಹೊಡೆದಾಟವಾಯಿತು. ‘ವಾಷಿಂಗ್ಟನ್ ಪೋಸ್ಟ್’ನ ಒಡೆಯ ಫಿಲಿಪ್ ಗ್ರಹಾಂ ಆ ವರದಿಯನ್ನು ಒಳಪುಟದ ಮೂಲೆಗೆ ಸೇರಿಸಿ, ಕೊಳಗಳನ್ನು ಸದ್ಯ ಮುಚ್ಚಿ ಮುಂದಿನ ವರ್ಷ ಎಲ್ಲರಿಗೂ ತೆರೆಯಬೇಕು, ಇಲ್ಲವಾದರೆ ಪೂರ್ತಿ ಸುದ್ದಿ ಮುಖಪುಟಕ್ಕೆ ಬರುತ್ತದೆ ಎಂದು ಅಧಿಕಾರಿಗಳೊಂದಿಗೆ ಒಪ್ಪಂದ ಕುದುರಿಸಿದರು. ಫಲ ಒಳ್ಳೆಯದೇ. ಆದರೂ ಅಂದು ಕಣ್ಣಾರೆ ಕಂಡು ವರದಿ ಬರೆದ ಯುವ ಪತ್ರಕರ್ತ ಬೆನ್ ಬ್ರಾಡ್ಲಿ ಅವರ ಸಿಟ್ಟಿನ ಪಕ್ಷದಲ್ಲಿ ನಾನಿದ್ದೇನೆ. ನಗರದ ಜನರಿಗೆ ತಮ್ಮ ನಗರದ ಗಾಯ ಎಷ್ಟು ಆಳ ಎಂದು ತಿಳಿಯುವ ಹಕ್ಕಿತ್ತು. ಅದನ್ನು ಚೌಕಾಸಿಯ ವಸ್ತು ಮಾಡುವ ಅಧಿಕಾರ ಯಾವ ಸಜ್ಜನನಿಗೂ ಇರಬಾರದು. 22 ವರ್ಷದ ಮೇಲೆ ಅದೇ ಕುಟುಂಬದ ಕ್ಯಾಥರಿನ್ ಗ್ರಹಾಂ, ಸಂಪಾದಕರಾಗಿದ್ದ ಅದೇ ಬ್ರಾಡ್ಲಿ ಅವರಿಗೆ, ಪೆಂಟಗನ್ ದಾಖಲೆಗಳನ್ನು ಪ್ರಕಟಿಸಿ ಎಂದರು. 1971ರ ಜೂನ್ ಅದು. ಕಂಪನಿಯ ಷೇರು ಅದೇ ವಾರ ಮೊದಲ ಸಲ ಮಾರುಕಟ್ಟೆಗೆ ಬಂದಿತ್ತು, ಬೇಡವೆಂದು ವಕೀಲರು ಎಚ್ಚರಿಸಿದ್ದರು. ವಿಯೆಟ್ನಾಂ ಬಗ್ಗೆ ಸರ್ಕಾರ ವರ್ಷಗಟ್ಟಲೆ ಜನರಿಗೆ ಸುಳ್ಳು ಹೇಳಿತ್ತೆಂಬುದು ಆ ದಾಖಲೆಗಳಲ್ಲಿತ್ತು. ದೂರದ ನೆಲದ ಸತ್ಯವನ್ನು ಓದುಗನ ಕೈಗಿಡುವುದೂ ಒಡೆಯರ ಕೈಯಲ್ಲೇ ಇದೆ.

ಆ ದೂರದ ನೆಲ ಚೀನಾ ಆಗಿದ್ದಾಗ ಏನಾಯಿತೆಂದು ‘ಟೈಮ್’ ವಾರಪತ್ರಿಕೆಯ ಹೆನ್ರಿ ಲೂಸ್ ಅವರಿಂದ ತಿಳಿಯಬಹುದು. ಚೀನಾದಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಲೂಸ್‌ಗೆ ಚಿಯಾಂಗ್ ಕೈ-ಷೇಕ್ ಆ ದೇಶದ ಉದ್ಧಾರಕ. ಯುದ್ಧಕಾಲದಲ್ಲಿ ಚೀನಾದ ಚುಂಗ್‌ಕಿಂಗ್‌ನಿಂದ ವರದಿಗಾರ ಥಿಯೊಡರ್ ವೈಟ್ ಚಿಯಾಂಗ್ ಸರ್ಕಾರದ ಭ್ರಷ್ಟಾಚಾರ, ಅಸಮರ್ಥತೆಯ ವರದಿ ಕಳಿಸಿದರೆ, ನ್ಯೂಯಾರ್ಕ್‌ನಲ್ಲಿ ವಿದೇಶ ಸಂಪಾದಕ ವಿಟೇಕರ್ ಚೇಂಬರ್ಸ್ ಅದನ್ನು ಗುರುತೇ ಸಿಗದಂತೆ ತಿದ್ದಿ ಬರೆಯುತ್ತಿದ್ದರು. 1949ರಲ್ಲಿ ಚಿಯಾಂಗ್ ಬಿದ್ದಾಗ ಅಮೆರಿಕದ ಓದುಗರಿಗೆ ಅದು ಬರಸಿಡಿಲು. ಒಳಗಿನ ದ್ರೋಹಿಗಳಿಲ್ಲದೆ ಇದು ಆಗಿರಲಾರದು ಎಂಬ ಅನುಮಾನ ಸುಲಭವಾಗಿ ಬೇರುಬಿಟ್ಟಿತು. ಇದೇ ಲೂಸ್ ಅವರ ಪತ್ನಿ, ಕಾಂಗ್ರೆಸ್ ಸದಸ್ಯೆ ಕ್ಲೇರ್ ಬೂತ್ ಲೂಸ್, ಇಮ್ಯಾನುಯೆಲ್ ಸೆಲರ್ ಅವರೊಂದಿಗೆ ಸೇರಿ 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಕೊಡಿಸುವ ಕಾಯ್ದೆಗೆ ದುಡಿದರು ಎಂಬುದನ್ನೂ ಮರೆಯಬಾರದು. ವರ್ಷಕ್ಕೆ ನೂರೇ ಜನರಿಗೆ ಪ್ರವೇಶ, ಆದರೂ ಬಾಗಿಲಿನ ಚಿಲಕ ಸರಿದದ್ದು ಆಗ.

ಈಗಿನ ಒಡೆಯರ ಬಗ್ಗೆ ಎದ್ದಿರುವ ಗದ್ದಲ ನನಗೆ ಸ್ವಲ್ಪ ದಿಕ್ಕು ತಪ್ಪಿದಂತೆ ಕಾಣುತ್ತದೆ. 2013ರಲ್ಲಿ 25 ಕೋಟಿ ಡಾಲರ್‌ಗೆ ‘ವಾಷಿಂಗ್ಟನ್ ಪೋಸ್ಟ್’ ಕೊಂಡ ಅಮೆಜಾನ್‌ನ ಜೆಫ್ ಬೆಜೋಸ್, 2024ರ ಅಕ್ಟೋಬರ್‌ನಲ್ಲಿ ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸುವ ಸಂಪಾದಕೀಯವನ್ನು ತಡೆದರು. ‘ಲಾಸ್ ಏಂಜಲೀಸ್ ಟೈಮ್ಸ್’ ಮಾಲೀಕ ಪ್ಯಾಟ್ರಿಕ್ ಸೂನ್-ಶಿಯಾಂಗ್ ಕೂಡ ಹಾಗೇ ಮಾಡಿದರು. ಕೆಲವೇ ದಿನಗಳಲ್ಲಿ ‘ಪೋಸ್ಟ್’ನ ಎರಡೂವರೆ ಲಕ್ಷ ಚಂದಾದಾರರು ಬಿಟ್ಟುಹೋದರೆಂದು ವರದಿಯಾಯಿತು. ಪತ್ರಿಕೆಯ ಬೆಂಬಲದಿಂದ ಚುನಾವಣೆಯ ಫಲಿತಾಂಶ ಬದಲಾಗುವುದಿಲ್ಲ ಎಂದು ಬೆಜೋಸ್ ಸಮರ್ಥಿಸಿಕೊಂಡರು. 1936ನ್ನು ನೆನೆದರೆ ಆ ಮಾತು ಸರಿಯೇ. ಆದರೆ ಸರ್ಕಾರದಿಂದ ರಾಕೆಟ್ ಮತ್ತು ಕಂಪ್ಯೂಟರ್ ಸೇವೆಯ ದೊಡ್ಡ ಗುತ್ತಿಗೆಗಳನ್ನು ಪಡೆಯುವ ಕಂಪನಿಗಳ ಒಡೆಯ ಒಂದು ಸಂಪಾದಕೀಯವನ್ನು ತಡೆದಾಗ, ನಾಳೆ ಯಾವ ತನಿಖಾ ವರದಿಗೆ ವರದಿಗಾರರನ್ನೇ ಕಳಿಸದಿರಬಹುದು ಎಂಬುದು ನಾವು ಕೇಳಬೇಕಾದ ಪ್ರಶ್ನೆ. ಬರೆಯದ ಸಂಪಾದಕೀಯ ಎಲ್ಲರ ಕಣ್ಣಿಗೆ ಬಿತ್ತು. ನಡೆಯದ ತನಿಖೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಸಣ್ಣ ಊರುಗಳಲ್ಲಿ ನಡೆದಿದೆ. 2005ರಿಂದ ಈಚೆಗೆ ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಪತ್ರಿಕೆಗಳು ಮುಚ್ಚಿವೆ, ಹೆಚ್ಚಿನವು ಊರಿನ ವಾರಪತ್ರಿಕೆಗಳು. ಉಳಿದ ಎಷ್ಟೋ ಪತ್ರಿಕೆಗಳು ಹೂಡಿಕೆ ಸಂಸ್ಥೆಗಳ ವಶವಾಗಿವೆ. ಮೆಕಾರ್ಮಿಕ್ ಅವರ ‘ಟ್ರಿಬ್ಯೂನ್’ ಕೂಡ 2021ರಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಕೈಸೇರಿ, ಅನುಭವಿ ಪತ್ರಕರ್ತರನ್ನು ಕಳೆದುಕೊಂಡಿತು. ಹಠಮಾರಿ ಒಡೆಯನಿಗೆ ತನ್ನದೊಂದು ಅಭಿಪ್ರಾಯವಾದರೂ ಇತ್ತು, ಅದಕ್ಕಾಗಿ ವರದಿಗಾರರನ್ನು ಸಾಕುತ್ತಿದ್ದ. ಒಹಾಯೊದ ಯಂಗ್ಸ್‌ಟೌನ್ ನಗರದ ‘ವಿಂಡಿಕೇಟರ್’, 150 ವರ್ಷ ತುಂಬಿದ ವರ್ಷವೇ, 2019ರ ಆಗಸ್ಟ್‌ನಲ್ಲಿ, ಕೊಳ್ಳುವವರಿಲ್ಲದೆ ನಿಂತಿತು. ಊರಿನ ಪತ್ರಿಕೆ ಹೋದರೆ ಓದುಗ ತಾನೇ ಪರೀಕ್ಷಿಸಿ ನೋಡಬಲ್ಲ ಸುದ್ದಿಯ ಜಾಗ ಕುಗ್ಗುತ್ತದೆ, ಇನ್ನೊಬ್ಬರು ಹೇಳಿದ್ದನ್ನು ನಂಬಬೇಕಾದ ಜಾಗ ಹಿಗ್ಗುತ್ತದೆ. ಪಕ್ಕದ ಕೌಂಟಿಯೇ ಅವನಿಗೆ ಕ್ಯೂಬಾದಷ್ಟು ದೂರವಾಗುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಅದೇ ಒಹಾಯೊದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಪ್ರಪಂಚಕ್ಕೆಲ್ಲ ತಿಳಿಯಿತು. ಅಲ್ಲಿಗೆ ಬಂದು ನೆಲೆಸಿದ ಹೈಟಿಯ ವಲಸಿಗರು ಊರವರ ನಾಯಿ, ಬೆಕ್ಕುಗಳನ್ನು ಹಿಡಿದು ತಿನ್ನುತ್ತಿದ್ದಾರೆಂಬ ವದಂತಿ, ಎಲಾನ್ ಮಸ್ಕ್ ಒಡೆತನದ ಎಕ್ಸ್ ಜಾಲತಾಣದಲ್ಲೂ ಬೇರೆಡೆಯೂ ಕೋಟ್ಯಂತರ ಜನರನ್ನು ಮುಟ್ಟಿತು. ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್ ಅದನ್ನೇ ಹೇಳಿದರು. ಶಾಲೆಗಳಿಗೆ ಬಾಂಬ್ ಬೆದರಿಕೆಗಳು ಬಂದವು. ಟ್ರಂಪ್ ಅವರದೇ ಪಕ್ಷದವರೂ ಆ ಊರಲ್ಲೇ ಹುಟ್ಟಿದವರೂ ಆದ ಗವರ್ನರ್ ಮೈಕ್ ಡಿವೈನ್ ಇದು ನಿಜವಲ್ಲ ಎಂದರು. ಅವರಿಗೂ ಮುಂಚೆ ಊರಿನ ‘ಸ್ಪ್ರಿಂಗ್‌ಫೀಲ್ಡ್ ನ್ಯೂಸ್-ಸನ್’ ಪೊಲೀಸರನ್ನು ವಿಚಾರಿಸಿ, ಅಂಥ ಒಂದು ದೂರೂ ಬಂದಿಲ್ಲವೆಂದು ವರದಿ ಮಾಡಿತ್ತು. ಯಂಗ್ಸ್‌ಟೌನ್‌ನ ‘ವಿಂಡಿಕೇಟರ್’ಗೆ ಆದ ಗತಿ ಆ ಪತ್ರಿಕೆಗೆ ಇನ್ನೂ ಆಗಿರಲಿಲ್ಲ, ಠಾಣೆಗೆ ಕರೆ ಮಾಡಿ ಕೇಳಲು ಅಲ್ಲಿ ವರದಿಗಾರರು ಇದ್ದರು.